ಚೈನ್ ನನಗೆ, ನಿದ್ದೆ ಪಾಜಿಗೆ

ಹಿಮ ಬೀಳುವುದಕ್ಕೆ ನನ್ನ ತಕರಾರಿಲ್ಲ. ಬೀಳಲಿ, ಅದರ ಕೆಲಸ ಅದು. ತಕರಾರು ಇರುವುದು ಹಿಮದಲ್ಲಿ ಜಾರದಂತೆ ಲಾರಿ ಟೈರಿಗೆ ಕಟ್ಟುವ ಚೈನಿನ ಮೇಲೆ. ಸರಿಯಾಗಿ ಹೇಳಬೇಕೆಂದರೆ, ಚೈನ್ ಕಟ್ಟುವ ಹೊತ್ತಿಗೆ ತಪ್ಪದೇ ಮಲಗುವ ನನ್ನ ಜೊತೆ ಡ್ರೈವರ್ ಪಾಜಿ ಮೇಲೆ. ಪಾಜಿ ಅಂದರೆ ಪಂಜಾಬಿಯಲ್ಲಿ ಅಣ್ಣ. ಬಲಭುಜ ಇನ್ನೂ ನೋಯುತ್ತಿದೆ. ಮುಲಾಮು ಹಚ್ಚಿಕೊಂಡು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಬರಹ ಸ್ವಲ್ಪ ವಾರೆಯಾಗಿ ಬಂದರೆ ಅನುಸರಿಸಿಕೊಳ್ಳಿ.

ಊರಿನವರಿಗೆ ಈ ಸಂಕಟ ತಿಳಿಯುವುದಿಲ್ಲ. "ಸ್ನೋ ನೋಡೋಕೆ ನಾವು ದುಡ್ಡು ಕೊಟ್ಟು ಮನಾಲಿಗೆ ಹೋಗ್ತೀವಿ. ನಿನಗೆ ಸಂಬಳ ಕೊಟ್ಟು ತೋರಿಸ್ತಾರೆ, ಇನ್ನೇನಪ್ಪಾ ಬೇಕು?" ಎಂದು ಭಾವ ಕೇಳುತ್ತಾರೆ. ಹಾಸನದಲ್ಲಿ ಕೂತು, ಕೈಯಲ್ಲಿ ಬಿಸಿ ಕಾಫಿ ಹಿಡಿದು ಕೇಳುತ್ತಾರೆ. ಫೋಟೋ ಕಳಿಸು ಎಂದರು, ಕಳಿಸಿದೆ. ಲಾರಿ ಪಕ್ಕ ನಿಂತಿದ್ದೆ. ಉಸಿರೆಲ್ಲ ಮೀಸೆ ಮೇಲೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಅಕ್ಕ ನೋಡಿ, "ಇಷ್ಟು ಬೇಗ ಮುದುಕ ಆಗ್ಬಿಟ್ಯಲ್ಲೋ, ಒಂಚೂರು ಡೈ ಹಚ್ಕೋಬಾರ್ದಾ?" ಎಂದಳು.

ನಾನಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ಲೋಡ್ ತುಂಬುವುದು ವ್ಯಾಂಕೂವರ್ ಪಕ್ಕದ ಸರ್ರಿಯಲ್ಲಿ, ಇಳಿಸುವುದು ವಿನ್ನಿಪೆಗ್‌ನಲ್ಲಿ. ಸರ್ರಿಯಲ್ಲಿ ಚಳಿಗಾಲ ಅಂದರೆ ಹೆಚ್ಚಾಗಿ ಬರೀ ಮಳೆ. ಹೋಪ್ ಎಂಬ ಊರಲ್ಲಿ ತಿರುಗಿ ಕೊಕಿಹಾಲಾ ಹೆದ್ದಾರಿ ಹತ್ತಿದಿರೋ, ಆಟವೇ ಬೇರೆ. ಅರಬ್ಬಿ ಸಮುದ್ರದ ಮೋಡ ಶಿರಾಡಿ ಘಾಟಿಗೆ ಬಂದು ಸುರಿಯುವ ಹಾಗೆ ಪೆಸಿಫಿಕ್ ಮೋಡಗಳು ಈ ಬೆಟ್ಟಕ್ಕೆ ಬಂದು ಸುರಿಯುತ್ತವೆ. ನೀರಿನ ಬದಲು ಹಿಮ, ಅಷ್ಟೇ. ಹೋಪ್ ಊರು ಸಮುದ್ರಮಟ್ಟದಿಂದ 100 ಮೀಟರ್ ಕೂಡ ಎತ್ತರವಿಲ್ಲ. ಅಲ್ಲಿಂದ 60 ಕಿ.ಮೀ. ಒಳಗೇ 1,244 ಮೀಟರ್ ಎತ್ತರದ ತುದಿ ಹತ್ತಬೇಕು. ಹಿಂದೆ ಟ್ರೇಲರ್ ತುಂಬ ಸಾಮಾನು.

ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಈ ದಾರಿಯಲ್ಲಿ 11,794 ಕೆ.ಜಿ. ಮೀರಿದ ಗಾಡಿಗಳು ಚೈನ್ ಇಟ್ಟುಕೊಂಡೇ ಓಡಬೇಕು. ಇಟ್ಟುಕೊಂಡರೆ ಸಾಲದು. ಚೈನ್ ಕಟ್ಟಿ ಎನ್ನುವ ರಸ್ತೆಬದಿ ಬೋರ್ಡಿನ ದೀಪ ಮಿಣುಕಿದರೆ ಬದಿಗೆ ಹಾಕಿ ಕಟ್ಟಲೇಬೇಕು. ಕಟ್ಟದೆ ಹೋದರೆ 598 ಡಾಲರ್ ದಂಡ. ರೂಪಾಯಿಗೆ ತಿರುಗಿಸಿ ನೋಡಬೇಡಿ, ಮನಸ್ಸು ಕೆಡುತ್ತದೆ. ಕಾನೂನು ಸರಿಯಾಗೇ ಇದೆ, ನಾನೇನೂ ಅದನ್ನು ಬೈಯುವುದಿಲ್ಲ. ಏರಿನಲ್ಲಿ ಒಂದು ಲಾರಿ ಚಕ್ರ ತಿರುಗಿಸುತ್ತಾ ಅಡ್ಡ ನಿಂತರೆ ಹಿಂದಿನ ಇಡೀ ಸಾಲಿಗೆ ರಾತ್ರಿ ಜಾಗರಣೆ.

ಇನ್ನು ಪಾಜಿಯ ವಿಷಯ.

ನಮ್ಮದು ಟೀಮ್ ಗಾಡಿ. ಒಬ್ಬರು ಓಡಿಸುವಾಗ ಇನ್ನೊಬ್ಬರು ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗಬೇಕು. ಪಾಜಿ ಪಂಜಾಬಿನ ಮೋಗಾ ಕಡೆಯವರು, ನನಗಿಂತ ತುಂಬ ದೊಡ್ಡವರು, ಅನುಭವಸ್ಥರು. ಒಳ್ಳೆಯ ಮನುಷ್ಯ. ಮೂಲಂಗಿ ಪರಾಠ ತಂದರೆ ನನಗೂ ಎರಡು ಎತ್ತಿಡುತ್ತಾರೆ. ಸರ್ರಿಯಿಂದ ಹೋಪ್‌ವರೆಗೆ ಪಕ್ಕದ ಸೀಟಿನಲ್ಲೇ ಕೂತು ಹಳೇ ಕಥೆ ಹೇಳುತ್ತಾರೆ. ಅವರ ಕಾಲದಲ್ಲಿ ಹಿಮ ಜಾಸ್ತಿ ಇತ್ತಂತೆ. ಲಾರಿಗೆ ಹೀಟರ್ ಸರಿ ಇರಲಿಲ್ಲವಂತೆ. ಚೈನನ್ನು ಬರಿಗೈಯಲ್ಲೇ ಕಟ್ಟುತ್ತಿದ್ದರಂತೆ. ಹೋಪ್ ದಾಟಿ ಮೊದಲ ಏರು ಕಂಡ ಕೂಡಲೇ, "ಛೋಟೇ, ಒಂಚೂರು ಬೆನ್ನು ನೆಟ್ಟಗೆ ಮಾಡ್ಕೋತೀನಿ" ಎಂದು ಪರದೆ ಎಳೆಯುತ್ತಾರೆ. ಬೋರ್ಡ್ ಹತ್ತಿರವಾದಷ್ಟೂ ಗೊರಕೆ ಏರುತ್ತದೆ. ಹವಾಮಾನ ನೋಡಲು ನಾನು ಈಗ ಫೋನ್ ತೆಗೆಯುವುದೇ ಇಲ್ಲ. ಗೊರಕೆ ಸಣ್ಣಗಿದ್ದರೆ ರಸ್ತೆ ಸಾಫ್. ಜೋರಾದರೆ ಕೈಗವಸು ಹುಡುಕಿಕೊಳ್ಳಬೇಕು.

ಎಬ್ಬಿಸಿದರೆ ಆಯಿತಪ್ಪ ಎನ್ನುತ್ತೀರಿ. ಮೊದಮೊದಲು ನಾನೂ ಎಬ್ಬಿಸಿದೆ. ಪಾಜಿ ಕಣ್ಣು ತೆರೆಯದೆಯೇ ಕಾನೂನು ಹೇಳಿದರು. ಈ ದೇಶದಲ್ಲಿ 2023ರಿಂದ ದೂರದ ಲಾರಿಗಳಿಗೆ ಎಲೆಕ್ಟ್ರಾನಿಕ್ ಲಾಗ್ ಬಂದು ಕೂತಿದೆ, ಡ್ರೈವರ್ ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ಮಲಗಿದ ಎಂದು ಲೆಕ್ಕ ಇಡುವ ಯಂತ್ರ. ದಿನಕ್ಕೆ ಓಡಿಸುವುದು 13 ಗಂಟೆ ಮೀರುವಂತಿಲ್ಲ, ಒಟ್ಟು ಕೆಲಸ 14 ಗಂಟೆ ಮೀರುವಂತಿಲ್ಲ. ಚೈನ್ ಕಟ್ಟುವುದೂ ಕೆಲಸವೇ. ಮಲಗಿದವರು ಎದ್ದು ಕೈ ಹಚ್ಚಿದರೆ ಅವರ ವಿಶ್ರಾಂತಿ ಮುರಿಯುತ್ತದೆ, ಲೆಕ್ಕ ತಪ್ಪುತ್ತದೆ. "ನನಗೆ ಬರೋಕೆ ಆಸೆನೇ ಛೋಟೇ. ಲಾಗ್ ಬಿಡ್ತಾ ಇಲ್ಲ" ಎಂದು ಮಗ್ಗುಲು ಬದಲಿಸಿದರು. ಮಲಗಲು ಸರ್ಕಾರದ ರಕ್ಷಣೆ ಪಡೆದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಮೊನ್ನೆ ನಡೆದದ್ದು ಬಾಕ್ಸ್ ಕ್ಯಾನಿಯನ್ ಹತ್ತಿರ. ಅಲ್ಲಿ ಚೈನ್ ಕಟ್ಟಲೆಂದೇ ಅಗಲವಾದ ಜಾಗ ಬಿಟ್ಟಿದ್ದಾರೆ. ಸ್ವಲ್ಪ ಮುಂದೆ ಹೋದರೆ ಹಿಮ ಜಾರಿ ರಸ್ತೆಗೆ ಬೀಳದಂತೆ ದೊಡ್ಡ ಚಾವಣಿ ಕಟ್ಟಿರುವ ಗ್ರೇಟ್ ಬೇರ್ ಸ್ನೋಶೆಡ್. ರಾತ್ರಿ ಒಂಬತ್ತು ದಾಟಿತ್ತು. ದೀಪ ಮಿಣುಕುತ್ತಿತ್ತು. ಪಾಜಿಯ ಗೊರಕೆಯೂ ಅದೇ ತಾಳಕ್ಕೆ ಬರುತ್ತಿತ್ತು. ಇಳಿದೆ.

ಚೈನ್ ಕಟ್ಟಿದವರಿಗೆ ಗೊತ್ತು, ಹೊರಗಿನ ಕೊಕ್ಕೆ ಏನೂ ಅಲ್ಲ. ಜೀವ ತಿನ್ನುವುದು ಒಳಗಿನದು. ಜೋಡಿ ಟೈರಿನ ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ ಇರುತ್ತದೆ. ಲಾರಿ ಕೆಳಗೆ ಅಂಗಾತ ಮಲಗಿ ಕೈ ತೂರಿಸಬೇಕು. ದಪ್ಪ ಕೈಗವಸು ಹಾಕಿದರೆ ಕೊಕ್ಕೆ ಸಿಗುವುದಿಲ್ಲ. ಬಿಚ್ಚಿದರೆ ಬೆರಳೇ ಸಿಗುವುದಿಲ್ಲ, ಅಂದರೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಟೈರಿನಿಂದ ಕರಗಿದ ಕೊಳಕು ನೀರು ನೇರವಾಗಿ ಕತ್ತಿನೊಳಗೆ ಇಳಿಯುತ್ತದೆ. ಕೊಕ್ಕೆ ಸಿಕ್ಕಿತು ಅನ್ನುವಷ್ಟರಲ್ಲಿ ಹಿಮ ತಳ್ಳುವ ಗಾಡಿ ಭರ್ರನೆ ಹೋಯಿತು. ಅದು ಎರಚಿದ್ದು ಅರ್ಧ ರಸ್ತೆಬದಿಗೆ, ಅರ್ಧ ನನ್ನ ಕಾಲ ಮೇಲೆ.

ಆಗ ಕ್ಯಾಬಿನ್ನಿನ ಕಿಟಕಿ ಎರಡು ಬೆರಳಷ್ಟು ಇಳಿಯಿತು. ಒಳಗಿನ ಬೆಚ್ಚನೆ ಗಾಳಿ, ಜೊತೆಗೆ ಏಲಕ್ಕಿ ಚಹಾದ ವಾಸನೆ.

"ಛೋಟೇ, ಒಳಗಿನ ಕೊಕ್ಕೆ ಹಾಕಿದ್ಯಾ?"

"ಹಾಕ್ತಾ ಇದ್ದೀನಿ ಪಾಜಿ. ನೀವು ಮಲಗಿದ್ರಲ್ಲ?"

"ಮಲಗೇ ಇದ್ದೀನಿ."

ತಲೆ ಎತ್ತಿ ನೋಡಿದೆ. ಪಾಜಿ ಕಂಬಳಿ ಹೊದ್ದು ಕಿಟಕಿಗೆ ಫೋನ್ ಹಿಡಿದಿದ್ದರು. ಮೋಗಾದಲ್ಲಿ ಆಗ ಬೆಳಗಿನ ಹತ್ತೂವರೆ ದಾಟಿದ ಸಮಯ. ಮೊಮ್ಮಗಳಿಗೆ ಹಿಮ ತೋರಿಸುವ ಕಾರ್ಯಕ್ರಮ ನಡೆದಿತ್ತು. "ನೋಡು ಪುತ್ತರ್, ಬರ್ಫ್! ಅಂಕಲ್ ಬರ್ಫ್ ಮೇಲೆ ಮಲಗಿದ್ದಾರೆ ನೋಡು!"

ಲಾಗ್ ಪ್ರಕಾರ ಮಲಗಿದ್ದವರು ಪಾಜಿ. ಕೆಲಸದಲ್ಲಿ ಇದ್ದವನು ನಾನು. ಮೊಮ್ಮಗಳು ಕಂಡದ್ದು ಬೇರೆಯೇ. ಫೋನಿನಿಂದ ಕಿಲಕಿಲ ನಗು ಬಂತು. ಮಗು ಕೈ ಬೀಸಿತು. ಮಗು ಕೈ ಬೀಸಿದಾಗ ಸುಮ್ನೆ ಇರಲು ಆಗುತ್ತದೆಯೇ? ಕೈಯಲ್ಲಿದ್ದ ಚೈನ್ ಬಿಗಿ ಮಾಡುವ ಕೀಲಿಯನ್ನೇ ಎತ್ತಿ ಬೀಸಿದೆ. ಕೈ ಎತ್ತಿದ ರಭಸಕ್ಕೆ ಕೊಕ್ಕೆ ಕಳಚಿಕೊಂಡು ಚೈನ್ ಪೂರ್ತಿ ಜಾರಿ ನನ್ನ ಹೊಟ್ಟೆ ಮೇಲೆ ಬಂದು ಕೂತಿತು. ಮಗು ಇನ್ನೂ ಜೋರಾಗಿ ನಕ್ಕಿತು. "ಮತ್ತೊಂದು ಸಲ ಮಾಡೋಕೆ ಹೇಳು ಅಂತಿದ್ದಾಳೆ" ಎಂದರು ಪಾಜಿ.

ಹಿಂದೆ ನಿಂತಿದ್ದ ಲಾರಿಯ ಡ್ರೈವರ್ ಟಾರ್ಚ್ ಹಿಡಿದು ಓಡಿ ಬಂದ. ನನಗೆ ಏನೋ ಆಗಿದೆ ಅಂದುಕೊಂಡಿದ್ದನಂತೆ. ಏನೂ ಆಗಿಲ್ಲ, ವಿಡಿಯೋ ಕಾಲ್ ಎಂದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಕಿಟಕಿಯಲ್ಲಿದ್ದ ಪಾಜಿಯನ್ನು ನೋಡಿದ. ತಲೆ ಅಲ್ಲಾಡಿಸುತ್ತಾ ಹೋದ. ಅವನದೂ ಟೀಮ್ ಗಾಡಿಯೇ ಇರಬೇಕು.

ಎಲ್ಲ ಕಟ್ಟಿ, ರಬ್ಬರ್ ಬಿಗಿದು, ಸ್ವಲ್ಪ ಮುಂದೆ ಓಡಿಸಿ, ಇಳಿದು ಮತ್ತೆ ಬಿಗಿದು, ಸೀಟಿನಲ್ಲಿ ಕೂತೆ. ಎದುರಿಗೆ ನೋಡುತ್ತೇನೆ, ಮಿಣುಕುತ್ತಿದ್ದ ದೀಪ ಆರಿದೆ. ನಾನು ಕೆಳಗೆ ಬಿದ್ದು ಹೊರಳಾಡುವಾಗ ರಸ್ತೆ ಕೆಲಸದವರು ಮೇಲೆ ಏರಿನಲ್ಲಿ ಹಿಮ ತಳ್ಳಿ ಮರಳು ಹಾಕಿ ಮುಗಿಸಿದ್ದರು. ಇನ್ನು ಚೈನ್ ಬೇಕಿಲ್ಲ. ಬರೀ ಡಾಂಬರಿನ ಮೇಲೆ ಚೈನ್ ಹಾಕಿ ಓಡಿಸಿದರೆ ಕೊಂಡಿ ಕತ್ತರಿಸಿ ಎಲ್ಲಿಗೆ ಬೇಕಾದರೂ ಹಾರಬಹುದು. ಬಿಚ್ಚಲೇಬೇಕು.

ಪರದೆಯ ಹಿಂದಿನಿಂದ ದನಿ ಬಂತು: "ಛೋಟೇ, ಲೈಟ್ ಆಫ್ ಆಯ್ತು ನೋಡು. ಒಂದು ಹತ್ತು ನಿಮಿಷ ಕಾಯ್ಬೇಕಿತ್ತು."

ಅದಕ್ಕೆ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಇಲ್ಲಿ ಬರೆಯುವಂಥದ್ದಲ್ಲ. ಕನ್ನಡ ಬರದವರ ಜೊತೆ ಕೆಲಸ ಮಾಡುವುದರಲ್ಲಿ ಒಂದು ಸುಖವಿದೆ.

ಇದೇ ಪಾಜಿ ಮುಂದಿನ ಬೆಟ್ಟದ ದಾರಿ ರೋಜರ್ಸ್ ಪಾಸ್ ಬಂದರೆ ತಾನಾಗಿ ಎದ್ದು ಕೂರುತ್ತಾರೆ. ಅಲ್ಲಿ ಹಿಮ ದೊಡ್ಡದಾಗಿ ಕುಸಿಯುವ ಮೊದಲೇ ಸೇನೆಯವರು 105 ಮಿ.ಮೀ. ಫಿರಂಗಿಯಿಂದ ಬೆಟ್ಟಕ್ಕೆ ಗುಂಡು ಹೊಡೆದು ಬೀಳಿಸುತ್ತಾರೆ. 1961ರಿಂದ ನಡೆದುಬಂದ ಪದ್ಧತಿ. ಆಗ ರಸ್ತೆ ಬಂದ್. ಎಲ್ಲರೂ ಸಾಲಾಗಿ ನಿಲ್ಲಬೇಕು. ಮಾಡುವ ಕೆಲಸ ಏನೂ ಇಲ್ಲ. ಹಾಗಾಗಿ ಪಾಜಿಗೆ ಪೂರ್ತಿ ಎಚ್ಚರ. ಚಹಾಕ್ಕೆ ಇಡುತ್ತಾರೆ. ಫಿರಂಗಿ ಕಥೆಯನ್ನು ಸ್ವತಃ ತಾವೇ ಬತ್ತಿ ಹಚ್ಚಿದವರ ಹಾಗೆ ಹೇಳುತ್ತಾರೆ. ಲಾಗ್ ಬಗ್ಗೆ ಚಕಾರವಿಲ್ಲ. ಚಹಾ ಕುಡಿಯುವುದು ಕೆಲಸ ಅಲ್ಲವಂತೆ.

ಚಹಾ ಮಾತ್ರ ಚೆನ್ನಾಗಿ ಮಾಡುತ್ತಾರೆ. ಹಾಗೆ ಲೋಟ ಹಿಡಿದು ಕೂತಾಗ ಒಮ್ಮೊಮ್ಮೆ ನನಗೆ ಚಿಕ್ಕಪ್ಪನ ಲಾರಿ ನೆನಪಾಗುತ್ತದೆ. ಹಾಸನದಿಂದ ಮಂಗಳೂರಿಗೆ ಹೋಗುತ್ತಿತ್ತು. ರಜೆಯಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಆ ಲಾರಿಗೆ ಒಬ್ಬ ಕ್ಲೀನರ್ ಹುಡುಗನಿದ್ದ. ಘಾಟಿಯಲ್ಲಿ ಗಾಡಿ ನಿಂತರೆ ಜೋರುಮಳೆಯಲ್ಲೂ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. "ರೈಟ್ ರೈಟ್, ಬರ್ಲಿ ಬರ್ಲಿ" ಎಂದು ಕತ್ತಲಲ್ಲಿ ಕೂಗುತ್ತಿದ್ದ. ನಾನು ಒಳಗೆ ಟವೆಲ್ ಹೊದ್ದು ಕಡಲೆಕಾಯಿ ತಿನ್ನುತ್ತಾ ಗಾಜಿನಿಂದ ಅವನನ್ನು ನೋಡುತ್ತಿದ್ದೆ. ಬಹಳ ಮಜಾ ಅನಿಸುತ್ತಿತ್ತು. ಅವನ ಹೆಸರು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಚಿಕ್ಕಪ್ಪನನ್ನು ಕೇಳೋಣವೆಂದರೆ ಅವರೂ ಈಗಿಲ್ಲ.

ಇರಲಿ. ನನ್ನ 13 ಗಂಟೆ ಮುಗಿಯುವಷ್ಟರಲ್ಲಿ ಬೆಟ್ಟಗಳೂ ಮುಗಿದಿರುತ್ತವೆ. ಆಮೇಲೆ ಪಾಜಿಯ ಪಾಳಿ. ಆಲ್ಬರ್ಟಾ, ಸಸ್ಕಾಚೆವನ್, ಮ್ಯಾನಿಟೋಬಾ. ಎಲ್ಲ ಸಪಾಟು. ಸ್ಟೀರಿಂಗ್ ಹಿಡಿದು ಭಜನೆ ಹಾಕಿಕೊಂಡರೆ ಆಯಿತು. ಚಳಿ ಮಾತ್ರ ಭಯಂಕರ. ಮೈನಸ್ 40ರಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಆಗುತ್ತವೆ, ಅಷ್ಟು ಚಳಿಯಲ್ಲಿ ಅವಕ್ಕೂ ಜಗಳವಾಡುವ ಶಕ್ತಿ ಇರುವುದಿಲ್ಲ. ಡೀಸೆಲ್‌ನಲ್ಲಿ ಮೇಣ ಕಟ್ಟುತ್ತದೆ. ಬ್ರೇಕಿನ ಗಾಳಿ ಪೈಪಿನಲ್ಲಿ ತೇವ ಸೇರಿದ್ದರೆ ಅದೂ ಹೆಪ್ಪುಗಟ್ಟುತ್ತದೆ. ಒದ್ದೆ ಹಿಮದಲ್ಲಿ ಓಡಿ ಬಂದು ಪಾರ್ಕಿಂಗ್ ಬ್ರೇಕ್ ಹಾಕಿ ನಿಲ್ಲಿಸಿದರೆ ಬೆಳಗ್ಗೆ ಹೊತ್ತಿಗೆ ಬ್ರೇಕ್ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಆಗ ಲಾರಿ ಕೆಳಗೆ ನುಗ್ಗಿ ಸುತ್ತಿಗೆಯಲ್ಲಿ ತಟ್ಟಬೇಕು.

ಮೊನ್ನೆ ರೆಜೈನಾ ಹತ್ತಿರ ಅದೇ ಆಯಿತು. ನಾನು ಆಗಷ್ಟೇ ನಿದ್ದೆ ಹತ್ತಿ ಹಾಸಿಗೆಯಲ್ಲಿದ್ದೆ. ಪರದೆ ಸರಿಯಿತು.

"ಛೋಟೇ, ಟ್ರೇಲರ್ ಬ್ರೇಕ್ ಹಿಡ್ಕೊಂಡಿದೆ. ಸುತ್ತಿಗೆ ತಗೊಂಡು ಒಂದು ಸಲ ಇಳಿ."

ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವಾಗ ಸಿಕ್ಕೀತು? ಕಣ್ಣು ತೆರೆಯದೆಯೇ ಹೇಳಿದೆ: "ಬರೋಕೆ ಆಸೆನೇ ಪಾಜಿ. ಲಾಗ್ ಬಿಡ್ತಾ ಇಲ್ಲ."

ಪಾಜಿ ಸಿಟ್ಟಾಗಲಿಲ್ಲ. ಹಾಸಿಗೆಯ ತುದಿಯಲ್ಲಿ ಕೂತು ನಿಧಾನವಾಗಿ ವಿವರಿಸಿದರು. "ಚೈನ್ ಕಟ್ಟೋದು ದೊಡ್ಡ ಕೆಲಸ, ಅದಕ್ಕೆ ಲಾಗ್ ಬೇಕು. ಇದು ನಾಲ್ಕು ಏಟಿನ ಕೆಲಸ. ಅಲ್ಲದೆ ಗಾಡಿನೇ ಹೊರಡದಿದ್ರೆ ಲಾಗ್ ಎಲ್ಲಿಂದ ಬರುತ್ತೆ ಹೇಳು? ನನಗೂ ಮಂಡಿ ನೋವು ಬೇರೆ." ಹೇಳುತ್ತಲೇ ನನ್ನ ಜಾಕೆಟ್ಟನ್ನು ಹೀಟರ್ ಮುಂದೆ ಹಿಡಿದು ಬೆಚ್ಚಗೆ ಮಾಡಿದರು. ಇಂಥವರನ್ನು ಬೈಯುವುದಾದರೂ ಹೇಗೆ? ಮುಂದಿನ ಪಾಳಿಗೆ ಎಷ್ಟು ಹೊತ್ತು ಕಳೆದುಕೊಂಡೆನೋ, ಸುತ್ತಿಗೆ ಹಿಡಿದು ಇಳಿದೆ. ನನ್ನ ಬಲಭುಜ ಹೋದದ್ದು ಆ ನಾಲ್ಕನೇ ಏಟಿಗೆ.

ವಾಪಸ್ ಬಂದ ಮೇಲೆ ಡಿಸ್ಪ್ಯಾಚ್‌ಗೆ, ಅಂದರೆ ಲೋಡ್ ಹಂಚುವ ಆಫೀಸಿಗೆ, ಒಂದು ಮೆಸೇಜ್ ಹಾಕಿದೆ. ಮುಂದಿನ ಲೋಡಿನಿಂದ ಬೆಟ್ಟದ ದಾರಿ ಪಾಜಿಗಿರಲಿ, ಸಪಾಟು ನನಗಿರಲಿ, ಅವರ ಅನುಭವ ಸುಮ್ನೆ ವ್ಯರ್ಥವಾಗುತ್ತಿದೆ ಎಂದು ಆದಷ್ಟು ವಿನಯದಿಂದ ಬರೆದೆ. ಹೆಬ್ಬೆಟ್ಟಿನ ಚಿತ್ರ ಬಂತು. ಡಿಸ್ಪ್ಯಾಚಿನವರು ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುತ್ತಾರೆ, ಟೈರ್ ಸಿಡಿದಿದೆ ಅಂದರೂ ಅದೇ. ಈಗಷ್ಟೇ ಸೋಮವಾರದ ಲೋಡಿನ ವಿವರ ಬಂದಿದೆ. ಸರ್ರಿಯಿಂದ ಸಂಜೆ ಆರಕ್ಕೆ ಹೊರಡಬೇಕು. ಮೊದಲ ಡ್ರೈವರ್ ಜಾಗದಲ್ಲಿ ನನ್ನ ಹೆಸರೇ ಇದೆ. ಅದರ ಹಿಂದೆಯೇ ಪಾಜಿಯ ವಾಯ್ಸ್ ಮೆಸೇಜ್: "ಛೋಟೇ, ಈ ಸಲ ಗೋಬಿ ಪರಾಠ. ಮತ್ತೆ, ಮೊಮ್ಮಗಳು ಆ ಅಂಕಲ್ ಯಾವಾಗ ಬೀಳ್ತಾರೆ ಅಂತ ಕೇಳ್ತಿದ್ದಾಳೆ."