ಸತ್ಯಾಂಶ: ಕೂಲಿಯ ಮಾತು ಪೋಪ್ ಫ್ರಾನ್ಸಿಸ್ ತಂದದ್ದಲ್ಲ

ಒಂದು ಫಾರ್ವರ್ಡ್ ಆಗಾಗ ಸುತ್ತು ಹೊಡೆದು ಬರುತ್ತದೆ: ಚರ್ಚು ಮುಂಚೆ ಪ್ರಾರ್ಥನೆ ಮಾತ್ರ ನೋಡಿಕೊಳ್ಳುತ್ತಿತ್ತು, ಕೂಲಿ, ಯೂನಿಯನ್ ಅಂತ ಕಮ್ಯುನಿಸಂ ತಂದು ತುಂಬಿದ್ದು ಪೋಪ್ ಫ್ರಾನ್ಸಿಸ್ ಅಂತ. ಇದು ತಪ್ಪು. ಫ್ರಾನ್ಸಿಸ್ ಹುಟ್ಟಿದ್ದೇ 1936ರಲ್ಲಿ.

ಅದಕ್ಕೂ 45 ವರ್ಷ ಮೊದಲು, 1891ರ ಮೇ 15ರಂದು, ಪೋಪ್ 13ನೇ ಲಿಯೊ 'ರೇರುಮ್ ನೊವಾರುಮ್' ಎಂಬ ಸುತ್ತೋಲೆ (ಪೋಪ್ ಚರ್ಚಿಗೆ ಬರೆಯುವ ಬೋಧನೆಯ ಪತ್ರ) ಹೊರಡಿಸಿದ್ದರು. ಕಾರ್ಮಿಕರು ಸಂಘ ಕಟ್ಟಿಕೊಳ್ಳಬಹುದು, ಮೈ ಮನಸ್ಸು ಬಲಿಯದ ಮಕ್ಕಳನ್ನು ಕಾರ್ಖಾನೆಗೆ ಕಳಿಸಬಾರದು ಎನ್ನುವುದು ಅದರಲ್ಲೇ ಇದೆ. ನನಗೆ ಜಾಸ್ತಿ ಹಿಡಿಸಿದ್ದು ಕೂಲಿಯ ಬಗ್ಗೆ ಹೇಳಿರುವುದು. ಮಾಲೀಕ ಇಷ್ಟು ಕೊಡ್ತೀನಿ ಅಂದ, ಆಳು ಒಪ್ಪಿಕೊಂಡ, ಅಲ್ಲಿಗೆ ಲೆಕ್ಕ ಮುಗಿಯಿತು ಅಂತ ನಾವು ಅಂದುಕೊಳ್ತೀವಿ ಅಲ್ವಾ? ಹಾಗಲ್ಲ ಎನ್ನುತ್ತದೆ ಈ ಸುತ್ತೋಲೆ: ಬೇರೆ ದಾರಿ ಇಲ್ಲದೆ, ಇದೂ ಕೈತಪ್ಪಿದರೆ ಗತಿಯೇನು ಎಂಬ ಭಯಕ್ಕೆ ಒಪ್ಪಿದ್ದರೆ ಅದು ಒಪ್ಪಿಗೆಯಲ್ಲ, ಬಲವಂತ, ಅನ್ಯಾಯ.

ಹಾಗಂತ ಇದು ಕಮ್ಯುನಿಸಮ್ಮಾ? ಅದೂ ಅಲ್ಲ. ಅದೇ ಸುತ್ತೋಲೆ ಸಮಾಜವಾದವನ್ನು ನೇರವಾಗಿ ತಳ್ಳಿಹಾಕಿ, ಖಾಸಗಿ ಆಸ್ತಿಯ ಹಕ್ಕಿನ ಪರ ನಿಲ್ಲುತ್ತದೆ. ಫಾರ್ವರ್ಡ್ ಮಾಡುವವರು ಈ ಭಾಗ ಓದಿರುವುದಿಲ್ಲ, ಬಿಡಿ.

ಕೂಲಿಯ ಹಾಗೆಯೇ, ಪೋಪ್‌ಗಳು ಆಡುವ ಶಾಂತಿಯ ಮಾತೂ ಹಳೆಯದೇ. 1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿಟ್ಟ ಕ್ಷಿಪಣಿಗಳಿಂದಾಗಿ ಅಮೆರಿಕದ ಜೊತೆ ಅಣುಯುದ್ಧ ಹೊಸಿಲಿಗೆ ಬಂದು ನಿಂತಿತ್ತು. ಆರೇ ತಿಂಗಳಲ್ಲಿ, 1963ರ ಏಪ್ರಿಲ್‌ನಲ್ಲಿ, ಪೋಪ್ 23ನೇ ಜಾನ್ 'ಪಾಚೆಮ್ ಇನ್ ತೆರ್ರಿಸ್' ಎಂಬ ಸುತ್ತೋಲೆ ಬರೆದು ಅಣ್ವಸ್ತ್ರ ನಿಷೇಧಿಸಿ ಎಂದರು, ಅದೂ ಕ್ಯಾಥೊಲಿಕರಿಗಷ್ಟೇ ಅಲ್ಲ, ಒಳ್ಳೆಯ ಮನಸ್ಸಿನ ಎಲ್ಲರಿಗೂ.

ಇನ್ನು ಈಗಿನ ಪೋಪ್ 14ನೇ ಲಿಯೊ. 2025ರ ಮೇನಲ್ಲಿ ಆಯ್ಕೆಯಾದಾಗ ಆ ಹೆಸರು ಯಾಕೆ ಅಂತ ಅವರೇ ಹೇಳಿದರು: ಮುಖ್ಯವಾಗಿ, 1891ರ ಆ ಸುತ್ತೋಲೆ ಬರೆದ ಲಿಯೊ ನೆನಪಿಗೆ.