ಪುಸ್ತಕಕ್ಕಿಂತ ಮೊದಲು ರೈಡ್ ಸಿಂಬಲ್ ಕೇಳಿ

ಜಾಜ್ ಡ್ರಮ್ಸ್ ಕಲಿಯುವವರಿಗೆಂದು ಬರೆದ ಲೇಖನವೊಂದನ್ನು ಓದಿದೆ. ಅದರಲ್ಲಿ ಕೊಟ್ಟಿರುವ ಪುಸ್ತಕಗಳ ಪಟ್ಟಿ ಚೆನ್ನಾಗಿದೆ, ಆದರೆ ಕೇಳಬೇಕಾದ ರೆಕಾರ್ಡಿಂಗ್‌ಗಳಿಗೆ ಒಂದೇ ಸಾಲು! ಮೊದಲು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ಆಲ್ಬಂ 'ಕೈಂಡ್ ಆಫ್ ಬ್ಲೂ' ಹಾಕಿಕೊಳ್ಳಿ. ಅದರ 'ಫ್ರೆಡ್ಡಿ ಫ್ರೀಲೋಡರ್'ನಲ್ಲಿ ಡ್ರಮ್ಮರ್ ಜಿಮ್ಮಿ ಕಾಬ್ ಅವರ ರೈಡ್ ಸಿಂಬಲ್ (ಲಯವನ್ನು ಎಡೆಬಿಡದೆ ಹಿಡಿದಿಡುವ ದೊಡ್ಡ ಲೋಹದ ತಟ್ಟೆ) ಒಂದಕ್ಕೇ ಕಿವಿಗೊಡಿ. ಎರಡನೇ ಸಲ ಅದು ಬೇಸ್ ಜೊತೆ ಹೇಗೆ ಕೂಡುತ್ತದೆ ಗಮನಿಸಿ. ಆಮೇಲೆ ಡೇವಿಸ್ ಅವರದೇ 1958ರ 'ಮೈಲ್‌ಸ್ಟೋನ್ಸ್': ಡ್ರಮ್ಮರ್ ಫಿಲ್ಲಿ ಜೋ ಜೋನ್ಸ್ ನಾಲ್ಕನೇ ಬೀಟಿಗೆ ಹಾಕುವ ಕ್ರಾಸ್‌ಸ್ಟಿಕ್ (ಕೋಲನ್ನು ಡ್ರಮ್ ಮೇಲೆ ಅಡ್ಡ ಇಟ್ಟು ಅಂಚಿಗೆ ಬಡಿಯುವ 'ಟಕ್' ಸದ್ದು) ಕೇಳಿ.

ಪುಸ್ತಕದಲ್ಲಿ ಟೆಡ್ ರೀಡ್ ಅವರ 'ಸಿಂಕೋಪೇಶನ್' ಒಂದನ್ನೇ ವರ್ಷಗಟ್ಟಲೆ ಅರೆಯಬಹುದು. ಅದನ್ನು ಬರೆದ ಹಾಗೇ ನುಡಿಸಿದರೆ ಜಾಜ್ ಆಗುವುದಿಲ್ಲ. ಬಲಗೈ ರೈಡ್ ಮೇಲೆ, ಹೈಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಟ್ಟೆ) 2 ಮತ್ತು 4ನೇ ಬೀಟಿಗೆ, ಪುಸ್ತಕದ ಸ್ವರಲಿಪಿಯ ಮೇಲಿನ ಸಾಲು ಎಡಗೈಯಿಂದ ಸ್ನೇರ್ ಡ್ರಮ್ ಮೇಲೆ. ಎಂಟನೇ ನೋಟ್‌ಗಳಿಗೆ (ಅರ್ಧ ಬೀಟಿನವು) ಸ್ವಿಂಗ್, ಅಂದರೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ ಆಗುವ ನಡೆ ಬೇಕು: ಮೃದಂಗ ಗೊತ್ತಿದ್ದವರು ಬೀಟನ್ನು 'ತಕಿಟ' ಎಂದು ಒಡೆದು 'ತ', 'ಟ' ಮಾತ್ರ ನುಡಿಸಲಿ. (ವೇಗ ಹೆಚ್ಚಿದಂತೆ ಇದು ಸಮವಾಗುತ್ತಾ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.)

ಕೆಡುವುದು ಎಲ್ಲಿ ಅಂದರೆ, ಎಡಗೈ ಆಫ್‌ಬೀಟಿಗೆ (ಎರಡು ಬೀಟ್‌ಗಳ ನಡುವಿನ ಜಾಗಕ್ಕೆ) ಬಂದಾಗ ಬಲಗೈ ಅದನ್ನೇ ಹಿಂಬಾಲಿಸಿ ರೈಡ್ ಮುರಿಯುತ್ತದೆ. ಮೆಟ್ರೊನೋಮ್ (ಲಯಕ್ಕೆ ಕ್ಲಿಕ್ ಕೊಡುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು ಆ ಕ್ಲಿಕ್ಕನ್ನು 2 ಮತ್ತು 4 ಎಂದು ಎಣಿಸಿ, ಅಂದರೆ ಲಯ 120. ರೈಡ್ ಅಲುಗಾಡಿದರೆ ತಕ್ಷಣ ಸಿಕ್ಕಿಬೀಳುತ್ತೀರಿ.