ಸೆಪ್ಟೆಂಬರ್ 17ರ ನೂಕುನುಗ್ಗಲು

ನಮ್ಮ ಪಂಚಾಂಗದಲ್ಲಿ ಒಂದೋ ಎರಡೋ ಜಯಂತಿಗಳನ್ನು ಹೊತ್ತು ಸುಮ್ಮನೆ ಸಾಗಿಹೋಗುವ ಬಡಪಾಯಿ ದಿನಗಳೇ ಹೆಚ್ಚು. ಸೆಪ್ಟೆಂಬರ್ 17ರ ಸ್ಥಿತಿ ಹಾಗಲ್ಲ; ಅದರ ಮೇಲೆ ದೆಹಲಿ, ಬೆಂಗಳೂರು, ಹೈದರಾಬಾದ್, ಮುಂಬೈ, ಚೆನ್ನೈ ಇವೆಲ್ಲವೂ ಹಕ್ಕು ಸಾಧಿಸಿವೆ, ಯಾರ ಹಕ್ಕೂ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ.

ಕೇಂದ್ರ ಗೃಹ ಸಚಿವಾಲಯದ ಲೆಕ್ಕದಲ್ಲಿ ಅದು ಹೈದರಾಬಾದ್ ವಿಮೋಚನಾ ದಿನ. ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ತೆಲಂಗಾಣದಲ್ಲಿ ಕೆ. ಚಂದ್ರಶೇಖರ ರಾವ್ ಮುಖ್ಯಮಂತ್ರಿಯಾಗಿದ್ದಾಗ, 2022ರಲ್ಲಿ, ಅದು ರಾಷ್ಟ್ರೀಯ ಏಕತೆಯ ದಿನವಾಗಿತ್ತು; ರೇವಂತ ರೆಡ್ಡಿ ಬಂದ ಮೇಲೆ, 2024ರಲ್ಲಿ, ಪ್ರಜಾಪಾಲನಾ ದಿನೋತ್ಸವವಾಯಿತು. ಕರ್ನಾಟಕದಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿದ್ದದ್ದು 2019ರಲ್ಲಿ ಯಡಿಯೂರಪ್ಪನವರ ಕೈಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ತಮಿಳುನಾಡಿನಲ್ಲಿ ಪೆರಿಯಾರ್ ಹುಟ್ಟಿದ ದಿನವಾದ್ದರಿಂದ 2021ರಿಂದ ಅದು ಸಾಮಾಜಿಕ ನ್ಯಾಯ ದಿನ. ಇದರ ಜೊತೆಗೆ ವಿಶ್ವಕರ್ಮ ಜಯಂತಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗಿ ಸುರಕ್ಷತಾ ದಿನ, ಎಲ್ಲಕ್ಕೂ ಮಿಗಿಲಾಗಿ ಪ್ರಧಾನಿಯವರ ಜನ್ಮದಿನ. ಈ ಕೊನೆಯದಕ್ಕೆ ಉತ್ತರವಾಗಿ ವಿರೋಧ ಪಕ್ಷದ ಯುವಕರು ಅದೇ ದಿನವನ್ನು ರಾಷ್ಟ್ರೀಯ ನಿರುದ್ಯೋಗ ದಿನವೆಂದು ಆಚರಿಸುತ್ತಾರೆ. ಆ ಒಂದು ದಿನವಾದರೂ ಅವರಿಗೆ ಕೈತುಂಬ ಕೆಲಸವಿರುತ್ತದೆ.

ಜನ್ಮದಿನದ ಉಡುಗೊರೆಗಳ ಇತಿಹಾಸವೇ ಪ್ರತ್ಯೇಕವಾಗಿದೆ. 2021ರ ಆ ದಿನ ದೇಶದಲ್ಲಿ ಎರಡೂವರೆ ಕೋಟಿ ಕೋವಿಡ್ ಲಸಿಕೆ ಹಾಕಲಾಯಿತು, ಮರುದಿನ ಆ ಸಂಖ್ಯೆ ದಡಕ್ಕನೆ ಇಳಿಯಿತು. 2022ರಲ್ಲಿ ನಮೀಬಿಯಾದಿಂದ ಬಂದ ಎಂಟು ಚೀತಾಗಳು ಕುನೋ ಅರಣ್ಯದಲ್ಲಿ ಕ್ಯಾಮೆರಾಗಳ ಮುಂದೆ ಹೊರಬಿದ್ದವು. 2023ರಲ್ಲಿ ವಿಶ್ವಕರ್ಮ ಯೋಜನೆ ಬಂತು. ವೈರಾಣು, ಚೀತಾ, ಬಡಗಿ ಎಲ್ಲರೂ ಒಂದೇ ತಾರೀಖಿಗೆ ಬದ್ಧರಾಗಿರುವ ಇಂಥ ಶಿಸ್ತು ಬೇರೆ ಯಾವ ದೇಶದಲ್ಲಿ ಇದ್ದೀತು?

ಇಷ್ಟೆಲ್ಲ ಹೆಸರುಗಳ ಅಡಿಯಲ್ಲಿ ಹೂತುಹೋಗಿರುವ ಮೂಲ ಘಟನೆ ಮಾತ್ರ ಸರಳವಾದದ್ದು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗೆ ನಡೆಯಿತು, 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನವಿರಾಮ ಘೋಷಿಸಿದರು, 18ರಂದು ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಚೌಧರಿ ಅವರೆದುರು ವಿಧ್ಯುಕ್ತವಾಗಿ ಶರಣಾದರು. ಮುಂದಿನದನ್ನು ವೇದಿಕೆಯ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಯಾರಿಂದ ನಾಡು ವಿಮೋಚನೆಗೊಂಡಿತೋ ಆ ನಿಜಾಮರನ್ನೇ 1950ರ ಜನವರಿ 26ರಂದು ಹೈದರಾಬಾದ್ ರಾಜ್ಯದ ರಾಜಪ್ರಮುಖರನ್ನಾಗಿ ಕೂರಿಸಲಾಯಿತು. ವರ್ಷಕ್ಕೆ ಐವತ್ತು ಲಕ್ಷ ರೂಪಾಯಿಯ ರಾಜಧನವೂ ನಿಗದಿಯಾಯಿತು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳು ರಚನೆಯಾಗುವವರೆಗೂ ಬೀದರ್, ಕಲಬುರಗಿ, ರಾಯಚೂರಿನ ವಿಮೋಚಿತ ಪ್ರಜೆಗಳ ರಾಜ್ಯಕ್ಕೆ ಸಾಂವಿಧಾನಿಕ ಮುಖ್ಯಸ್ಥರು ಅವರೇ. ನಿಜಾಮನ ಪರ ನಿಂತಿದ್ದ ಸಶಸ್ತ್ರ ಪಡೆಯಾದ ರಜಾಕಾರರು ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆಸಿದ ಹತ್ಯಾಕಾಂಡಕ್ಕೆ ಸ್ಮಾರಕ ಏಳಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು, ಅದರ ಉದ್ಘಾಟನೆಗೆ ಮುಹೂರ್ತ ಸಿಕ್ಕಿದ್ದು 2023ರ ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ. ಸೇನಾ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಬಗ್ಗೆ ಪಂಡಿತ್ ಸುಂದರಲಾಲ್ ಸಮಿತಿ ಕೊಟ್ಟ ವರದಿಯಂತೂ ದಶಕಗಳ ಕಾಲ ಕಡತದಲ್ಲಿಯೇ ಮಲಗಿತ್ತು. ಹೆಸರಿಡುವುದರಲ್ಲಿ ಇಷ್ಟು ಉದಾರರಾದ ಸರ್ಕಾರಗಳಲ್ಲಿ ಯಾವುದೂ ಆ ವರದಿಗೊಂದು ದಿನ ಕೊಡಲು ಮುಂದೆ ಬಂದಿಲ್ಲ.

2022ರ ಆಚರಣೆಯನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಆ ದಿನ ಅಮಿತ್ ಶಾ ಅವರು ಸಿಕಂದರಾಬಾದಿನ ಪರೇಡ್ ಮೈದಾನದಲ್ಲಿ ವಿಮೋಚನೆಯ ಬಾವುಟ ಹಾರಿಸಿದರೆ, ಅದರ ಅವಳಿ ನಗರ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಕೆ. ಚಂದ್ರಶೇಖರ ರಾವ್ ಅವರು ಏಕತೆಯ ಬಾವುಟ ಹಾರಿಸಿದರು. ಏಕತೆಯನ್ನು ಎರಡು ಕಡೆ ಪ್ರತ್ಯೇಕವಾಗಿ ಆಚರಿಸುವುದು ಸಾಧ್ಯವೆಂದು ಜಗತ್ತಿಗೆ ಗೊತ್ತಾದದ್ದು ಅಂದೇ. ಶಾ ಅವರ ಸಮಾರಂಭಕ್ಕೆ ಹೋಗಬೇಕಾಗಿದ್ದ ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಏಕನಾಥ ಶಿಂದೆ ಅವರು ಔರಂಗಾಬಾದಿನಲ್ಲಿ ಒಂಬತ್ತಕ್ಕೆ ನಡೆಯಬೇಕಾದ ಮರಾಠವಾಡಾ ಮುಕ್ತಿಯನ್ನು ಏಳು ಗಂಟೆಗೇ ಮುಗಿಸಿ ವಿಮಾನ ಹತ್ತಿದರು. ನಿಜಾಮನ ಶರಣಾಗತಿಗೆ ಐದು ದಿನ ಹಿಡಿದಿದ್ದರೂ ಅದರ ಸ್ಮರಣೆಗೆ ಅಷ್ಟೆಲ್ಲ ಹೊತ್ತು ಬೇಡ ಎಂಬುದು ಆಡಳಿತದ ಅನುಭವ.

ನಮ್ಮ ಕಡೆಗೆ ಬಂದರೆ, ಬಳ್ಳಾರಿಯಲ್ಲಿ ನಡೆಯುವ ಧ್ವಜಾರೋಹಣವೇ ಹೆಚ್ಚು ಸ್ವಾರಸ್ಯಕರ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾದ್ದರಿಂದ ಅಲ್ಲಿಯೂ ಸೆಪ್ಟೆಂಬರ್ 17ರಂದು ಉಸ್ತುವಾರಿ ಸಚಿವರು ಬಾವುಟ ಹಾರಿಸಿ, ನಿಜಾಮನ ದಬ್ಬಾಳಿಕೆಯನ್ನು ನೆನೆದು, ಸರ್ದಾರ್ ಪಟೇಲರಿಗೆ ನಮಿಸುತ್ತಾರೆ. ಬಳ್ಳಾರಿ ನಿಜಾಮನ ಕೈತಪ್ಪಿದ್ದು 1800ರಲ್ಲಿ. ಅಂದಿನ ನಿಜಾಮ ತನ್ನ ರಕ್ಷಣೆಗೆ ನಿಂತ ಪಡೆಯ ಖರ್ಚಿಗೆಂದು ಆ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿಂದ ಅದು ಮದರಾಸು ಪ್ರಾಂತ್ಯಕ್ಕೆ ಸೇರಿ, 1947ರ ಆಗಸ್ಟ್ 15ರಂದು ಎಲ್ಲರಂತೆ ಸ್ವಾತಂತ್ರ್ಯ ಪಡೆದು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಸಂಡೂರಿಗೋ ತನ್ನದೇ ರಾಜರಿದ್ದರು. ಹೀಗಿದ್ದೂ ಪ್ರತಿ ವರ್ಷ ಬಳ್ಳಾರಿಯವರನ್ನು, ಅವರ ಮುತ್ತಜ್ಜನೂ ಕಾಣದ ಒಬ್ಬ ದೊರೆಯಿಂದ ಸರ್ಕಾರ ಬಿಡುಗಡೆ ಮಾಡಿಸುತ್ತದೆ. ಹರಪನಹಳ್ಳಿ ಇನ್ನೂ ಒಂದು ಹೆಜ್ಜೆ ಮುಂದೆ: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಡುವ ಮೀಸಲಾತಿಯ ಆಸೆಗೆ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅರ್ಜಿ ಕೊಟ್ಟು, ಹೋರಾಟ ಮಾಡಿ, ನಿಜಾಮನಿಂದ ಪೀಡಿತವಾದ ಪ್ರದೇಶಕ್ಕೆ ಸೇರಿಕೊಂಡ ಏಕೈಕ ತಾಲ್ಲೂಕು ಬಹುಶಃ ಇದೇ. ಅದನ್ನು ತಪ್ಪೆಂದು ನಾನು ಹೇಳಲಾರೆ. ಸೀಟು, ನೌಕರಿ ಸಿಗುವುದಾದರೆ ಯಾವ ದೊರೆಯ ಪ್ರಜೆಯಾಗಲು ಯಾರಿಗೆ ಬೇಸರ?

ಆ ಬೆಳಿಗ್ಗೆ ಜಿಲ್ಲಾ ಕೇಂದ್ರದ ಅಧಿಕಾರಿಗಳ ಪಾಡನ್ನು ಹತ್ತಿರದಿಂದ ನೋಡಬೇಕು. ಪಟೇಲರ ಪ್ರತಿಮೆಗೆ ಹಾರ, ಆಮೇಲೆ ಮೈದಾನದಲ್ಲಿ ಧ್ವಜಾರೋಹಣ, ಪೊಲೀಸ್ ಪಥಸಂಚಲನ, ಅಲ್ಲಿಂದ ರಂಗಮಂದಿರಕ್ಕೆ ಓಡಿ ವಿಶ್ವಕರ್ಮ ಜಯಂತಿ. ಒಂದೇ ಬುಟ್ಟಿಯ ಹೂವು, ಒಂದೇ ನಿರೂಪಕ, ಒಂದೇ ನಾಡಗೀತೆ ತಂಡ. ಬದಲಾಗುವುದು ಮೇಜಿನ ಮೇಲಿನ ಭಾವಚಿತ್ರ ಮತ್ತು ಹಿಂದಿನ ಬ್ಯಾನರ್ ಮಾತ್ರ. ಬಿಸಿಲಲ್ಲಿ ಸಾಲುಗಟ್ಟಿ ನಿಂತ ಶಾಲಾ ಮಕ್ಕಳು, ಆಗಸ್ಟ್ 15ಕ್ಕೆ ಒಗೆದಿಟ್ಟ ಬಿಳಿ ಸಮವಸ್ತ್ರವನ್ನೇ ಮತ್ತೆ ತೊಟ್ಟಿರುತ್ತಾರೆ, ನವೆಂಬರ್ 1ಕ್ಕೂ ಅದೇ ಬರಬೇಕು. ಬ್ಯಾನರಿನಲ್ಲಿ ಹಾಲಿ ಸಚಿವರು, ಶಾಸಕರು, ನಿಗಮ ಮಂಡಳಿಗಳ ಅಧ್ಯಕ್ಷರು ಆಳೆತ್ತರಕ್ಕೆ ನಿಂತಿರುವಾಗ, ಹೈದರಾಬಾದ್ ಸಂಸ್ಥಾನದಲ್ಲಿ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರಿಗೂ, ಮುಂಡರಗಿಯ ಗಡಿ ಶಿಬಿರದಿಂದ ಹೋರಾಡಿದ ಅಳವಂಡಿ ಶಿವಮೂರ್ತಿ ಸ್ವಾಮಿಯವರಿಗೂ ಸ್ಟ್ಯಾಂಪಿನಷ್ಟು ಜಾಗ ಸಿಕ್ಕರೆ ಅದೇ ಪುಣ್ಯ.

ಭಾಷಣದ ತಿರುಳಂತೂ ಪಕ್ಷಾತೀತ: ಪ್ರದೇಶದ ಹಿಂದುಳಿದಿರುವಿಕೆಯನ್ನು ಹೋಗಲಾಡಿಸಲು ಸರ್ಕಾರ ಬದ್ಧವಾಗಿದೆ. ಈ ಹಿಂದುಳಿದಿರುವಿಕೆಯನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕುವಾರು ಎಣಿಸಿ ಕೊಟ್ಟಿತ್ತು. ರಾಜ್ಯದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ 21 ಕಲಬುರಗಿ ವಿಭಾಗದವೇ. ಅದರ ಮೇಲೆ ಎಷ್ಟು ಕೆಲಸವಾಯಿತೆಂದು ತಿಳಿಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ನಡುವಿನ ಅವಧಿಯಲ್ಲಿ ಸರ್ಕಾರ ಕೈಕಟ್ಟಿ ಕೂತಿತ್ತೆಂದು ದೂರುವುದು ಅನ್ಯಾಯ. ಪ್ರದೇಶದ ಹೆಸರು ಬದಲಾಯಿತು, ಅಭಿವೃದ್ಧಿ ಮಂಡಳಿಯ ಹೆಸರು ಬದಲಾಯಿತು, ಈಶಾನ್ಯ ಸಾರಿಗೆ ಸಂಸ್ಥೆಯ ಬಸ್ಸುಗಳ ಮೈಮೇಲೂ ಕಲ್ಯಾಣವೆಂದು ಬರೆಯಲಾಯಿತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕೊನೆಯ ಸ್ಥಾನ ಕೂಡ ಬದಲಾಗಿದೆ. 2024ರಲ್ಲಿ ಯಾದಗಿರಿಗೆ ಇದ್ದದ್ದು 2025ರಲ್ಲಿ ಕಲಬುರಗಿಗೆ ಬಂತು. ಪ್ರಶಸ್ತಿ ಮನೆಬಿಟ್ಟು ಹೊರಗೆ ಹೋಗಿಲ್ಲ.

ಇಷ್ಟು ಆಚರಣೆಗಳ ನಡುವೆ ಅಧಿಸೂಚನೆ ಇಲ್ಲದೆಯೇ ದಿನ ಎಣಿಸಿದವರೂ ಇದ್ದಾರೆ. ಕೇಂದ್ರದ ದೊಡ್ಡಾಸ್ಪತ್ರೆ ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನಗಳನ್ನು ದಾಟಿದರು. ಆ ಅವಧಿಯಲ್ಲಿ ಮೂರು ಸಲ ಸೆಪ್ಟೆಂಬರ್ 17 ಬಂದು ಹೋಯಿತು, ಮೂರು ಸಲವೂ ಅದೇ ಊರಿನಲ್ಲಿ ಬಾವುಟ ಹಾರಿತು, ರೋಗಿ ಸುರಕ್ಷತಾ ದಿನವೂ ಜೊತೆಗೇ ಬಂದಿತ್ತು.